ತಿಳಿ ಬಣ್ಣದ ಸಿಂಥೆಟಿಕ್ ಆಯಿಲ್ ಡೀಸೆಲ್ ಗಾಡಿಗೆ ಹಾಕಬಹುದಾ? ಬಣ್ಣ ನೋಡಬೇಕಾ, ಡಬ್ಬದ ಮೇಲೆ ಬರೆದಿದ್ದು ನೋಡಬೇಕಾ?

ಶಿವಮೊಗ್ಗ ಡೀಸೆಲ್

ಎಲ್ಲರಿಗೂ ನಮಸ್ಕಾರ. ನನ್ನದು 2021ರ ಬಿಎಸ್6 ಡೀಸೆಲ್ ಗಾಡಿ. ಕಂಪನಿ, ಮಾಡೆಲ್ ಬೇಕಂತಲೇ ಬರೆದಿಲ್ಲ, ಬರೆದರೆ ಮಾತೆಲ್ಲ ಆ ಕಡೆ ತಿರುಗುತ್ತದೆ. ವಾರಂಟಿ ಮುಗಿದಿದೆ, ಈ ಸಲ ನಮ್ಮ ಏರಿಯಾದ ಗ್ಯಾರೇಜಿನಲ್ಲೇ ಸರ್ವಿಸ್ ಮಾಡಿಸೋಣ ಅಂತ ಇಂಜಿನ್ ಆಯಿಲ್ ನಾನೇ ಕೊಂಡು ತಂದೆ. ಒಳ್ಳೆ ಹೆಸರಿರುವ ಬ್ರ್ಯಾಂಡು. ಡಬ್ಬದ ಮುಂದೆ ದೊಡ್ಡದಾಗಿ ಫುಲ್ಲಿ ಸಿಂಥೆಟಿಕ್, 5ಡಬ್ಲ್ಯೂ-30 ಅಂತ ಇದೆ.

ಮೆಕ್ಯಾನಿಕ್ ಮುಚ್ಚಳ ತೆಗೆದು ಸ್ವಲ್ಪ ಬಗ್ಗಿಸಿ ನೋಡಿದವರೇ ಬೇಡ ಅಂದರು. "ಇಷ್ಟು ತಿಳಿ ಇದೆ, ಇದರಲ್ಲಿ ಜೀವ ಇಲ್ಲ ಸಾರ್, ಡುಪ್ಲಿಕೇಟ್ ಇರಬೇಕು, ಡೀಸೆಲ್ ಆಯಿಲ್ ಅಂದರೆ ಕೆಂಪಗೆ ದಪ್ಪ ಇರಬೇಕು" ಅಂತ. ಬೆರಳಿಗೆ ಹಚ್ಚಿ ಉಜ್ಜಿಯೂ ತೋರಿಸಿದರು. ನಿಜ ಹೇಳಬೇಕಂದರೆ ಬಣ್ಣ ತುಂಬಾನೇ ತಿಳಿ ಹಳದಿ. ಶೋರೂಮಿನಲ್ಲಿ ಹಾಕುತ್ತಿದ್ದದ್ದು ಕಂದು ಬಣ್ಣಕ್ಕಿತ್ತು. ಅದನ್ನು ಹಾಕಿಸಿ ಒಂದು ವಾರ ಓಡಿಸಿ ಡಿಪ್‌ಸ್ಟಿಕ್ ಎಳೆದರೆ ಕಪ್ಪು ಮಸಿ, ಅದೂ ನನಗೆ ಅರ್ಥ ಆಗಿರಲಿಲ್ಲ.

ಹೊಸ ಆಯಿಲ್ ಇನ್ನೂ ಹಾಕಿಲ್ಲ, ಡಬ್ಬ ಮನೆಯಲ್ಲಿದೆ. ಬಣ್ಣ ನೋಡಿ ಅಸಲಿ ನಕಲಿ ಗೊತ್ತಾಗುತ್ತದಾ? ಸಿಂಥೆಟಿಕ್ ಅಂದರೆ ಇಂಥದ್ದೇ ಬಣ್ಣ ಇರಬೇಕು ಅಂತ ಏನಾದರೂ ಇದೆಯಾ? ಇಲ್ಲದಿದ್ದರೆ ಡಬ್ಬದಲ್ಲಿ ಏನು ನೋಡಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ. ಕಡಿಮೆ ದುಡ್ಡಿನದ್ದಲ್ಲ, ಸುಮ್ನೆ ಚೆಲ್ಲುವುದಕ್ಕೂ ಆಗುವುದಿಲ್ಲ.

ಲ್ಯಾಬ್ ಬೆಂಚ್

ನಾನು ಲೂಬ್ರಿಕೆಂಟ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಬಣ್ಣ. ಡಬ್ಬದಲ್ಲಿ ಇರುವುದು ಎರಡು ಸಾಮಾನು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬೇಸ್ ಆಯಿಲ್, ಉಳಿದದ್ದು ಅಡಿಟಿವ್. ಹಳೆ ಪದ್ಧತಿಯಲ್ಲಿ ಶುದ್ಧ ಮಾಡಿದ ಗ್ರೂಪ್ 1 ಬೇಸ್ ಆಯಿಲ್‌ಗೆ ಹಳದಿ, ಕಂದು ಛಾಯೆ ಇರುತ್ತದೆ. ಹೈಡ್ರೋಜನ್ ಹಾಯಿಸಿ ತಯಾರಿಸುವ ಗ್ರೂಪ್ 2, ಗ್ರೂಪ್ 3, ಮತ್ತೆ ಗ್ರೂಪ್ 4 ಅಂತ ಕರೆಯುವ ಪಿಎಓ ಅನ್ನುವ ಕೃತಕ ಎಣ್ಣೆ, ಇವಕ್ಕೆ ಬಣ್ಣವೇ ಇಲ್ಲ ಅನ್ನಬಹುದು. ನಿಮ್ಮ ಡಬ್ಬದಲ್ಲಿ ಕಾಣುವ ಹಳದಿಯೋ ಕಂದೋ ಮುಖ್ಯವಾಗಿ ಬರುವುದು ಅಡಿಟಿವ್‌ನಿಂದ. ಡಿಟರ್ಜೆಂಟ್, ಡಿಸ್ಪರ್ಸೆಂಟ್, ಸವೆತ ತಡೆಯುವ ಜಿಂಕ್ ಸಂಯುಕ್ತ, ಇವುಗಳ ಪ್ಯಾಕೇಜ್ ಡ್ರಮ್ಮಿನಲ್ಲಿ ಬರುವಾಗ ಗಾಢ ಕಂದು ಬಣ್ಣಕ್ಕೆ ಜಿಗುಟಾಗಿರುತ್ತದೆ. ಯಾವ ಕಂಪನಿಯ ಪ್ಯಾಕೇಜ್, ಎಷ್ಟು ಹಾಕಿದ್ದಾರೆ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಒಂದೇ ಬ್ರ್ಯಾಂಡಿನ ಒಂದೇ ಗ್ರೇಡ್ ಕೂಡ ಬ್ಯಾಚ್‌ನಿಂದ ಬ್ಯಾಚ್‌ಗೆ ಒಂಚೂರು ಹೆಚ್ಚುಕಮ್ಮಿ ಕಾಣಬಹುದು.

ಹಾಗಾಗಿ ತಿಳಿ ಬಣ್ಣ ಅಂದರೆ ನಕಲಿ ಅನ್ನುವುದೂ ತಪ್ಪು, ತಿಳಿ ಇದ್ದರೆ ಮಾತ್ರ ಸಿಂಥೆಟಿಕ್ ಅನ್ನುವುದೂ ತಪ್ಪು. ಗ್ರೂಪ್ 2ರ ಮಿನರಲ್ ಆಯಿಲ್ ಕೂಡ ಅಷ್ಟೇ ತಿಳಿ ಇರಬಹುದು. ಲ್ಯಾಬಿನಲ್ಲಿ ನಾವೂ ಬಣ್ಣ ಅಳೆಯುತ್ತೇವೆ. ಎಎಸ್‌ಟಿಎಂ ಡಿ1500 ಅಂತ ಒಂದು ಸ್ಕೇಲ್ ಇದೆ, 0.5ರಿಂದ 8ರವರೆಗೆ. ಆದರೆ ಅದು ಈ ಬ್ಯಾಚ್ ಹಿಂದಿನ ಬ್ಯಾಚಿನ ಹಾಗೇ ಇದೆಯಾ, ಟ್ಯಾಂಕಿನಲ್ಲಿ ಬೇರೆ ಏನಾದರೂ ಬೆರೆತಿದೆಯಾ ಅಂತ ನೋಡುವುದಕ್ಕೆ. ಆ ನಂಬರ್ ನೋಡಿ ಇಂಜಿನ್ ಎಷ್ಟು ಬಾಳುತ್ತದೆ ಅಂತ ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಕಲಿ ಮಾಡುವವರಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವುದೇ ಬಣ್ಣ. ಬಳಸಿ ಬಿಟ್ಟ ಕಪ್ಪು ಎಣ್ಣೆಯನ್ನು ಗಂಧಕಾಮ್ಲ ಹಾಕಿ, ಬಿಳುಪು ಮಾಡುವ ಜೇಡಿಯಲ್ಲಿ ಸೋಸಿದರೆ ತಿಳಿಯಾಗಿ ಕಾಣುತ್ತದೆ. ಒಂದು ಚೂರು ಡೈ ಬೆರೆಸಿದರೆ ಬೇಕಾದ ಬಣ್ಣ ಬರುತ್ತದೆ. ಅದರಲ್ಲಿ ಇಲ್ಲದೆ ಇರುವುದು ಸರಿಯಾದ ಅಡಿಟಿವ್, ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುವುದೂ ಇಲ್ಲ.

ಬೆರಳಿಗೆ ಹಚ್ಚಿ ನೋಡಿದರು ಅಂದಿರಿ. ಆ ಹೊತ್ತಿಗೆ ಎಣ್ಣೆ 30 ಡಿಗ್ರಿ ಇರುತ್ತದೆ. ಇಂಜಿನ್ ಕೆಲಸ ಮಾಡುವುದು ಸುಮಾರು 100 ಡಿಗ್ರಿಯಲ್ಲಿ. 5ಡಬ್ಲ್ಯೂ-30ರಲ್ಲಿ 30 ಅನ್ನುವುದು 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ, ಅಲ್ಲಿ ಅದು 9.3ರಿಂದ 12.5 ಸೆಂಟಿಸ್ಟೋಕ್ಸ್ ನಡುವೆ ಇರಬೇಕು. 40 ಅಂದರೆ 12.5ರಿಂದ 16.3. ಮುಂದಿನ 5ಡಬ್ಲ್ಯೂ ಚಳಿಯ ಅಳತೆ, ಅದನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮ ಮಲೆನಾಡಿನ ಚಳಿಗೆ ಅಷ್ಟೆಲ್ಲ ಬೇಕಿಲ್ಲ ನಿಜ, ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎಣ್ಣೆ ಬೇಗ ಮೇಲಕ್ಕೆ ಏರುವುದು ಇಲ್ಲೂ ಲಾಭವೇ. ಬೆರಳಿನಲ್ಲಿ ತೆಳು ಅನ್ನಿಸುವ 5ಡಬ್ಲ್ಯೂ-30, ಬಿಸಿಯಾದಾಗ ಹಳೆ ಕಾಲದ ದಪ್ಪ ಎಣ್ಣೆಯ ಹಾಗೆ ಒಮ್ಮೆಲೇ ತೆಳುವಾಗುವುದಿಲ್ಲ. ಸಿಂಥೆಟಿಕ್‌ನ ನಿಜವಾದ ಬಲ ಇರುವುದು ಅಲ್ಲಿ.

ಈಗ ನೀವು ಒಂದು ಕೆಲಸ ಮಾಡಿ. ಡಬ್ಬ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಪೂರ್ತಿ ಟೈಪ್ ಮಾಡಿ ಹಾಕಿ. ಜೊತೆಗೆ ಗಾಡಿಯ ಮ್ಯಾನುಯಲ್‌ನಲ್ಲಿ ಆಯಿಲ್ ಪುಟ ತೆಗೆದು ಅಲ್ಲಿ ಏನಿದೆ ಹೇಳಿ. ಬಿಎಸ್6 ಡೀಸೆಲ್ ಅಂದಿದ್ದೀರಿ, ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ನನಗೆ ಬಣ್ಣಕ್ಕಿಂತ ಅದರದ್ದೇ ಯೋಚನೆ.

ಹುಬ್ಬಳ್ಳಿ ಪಾನಾ

ನಾನೂ ಗ್ಯಾರೇಜ್ ನಡೆಸುವವನೇ. ಆ ಮೆಕ್ಯಾನಿಕ್ ಅಣ್ಣನ ಮೇಲೆ ಬೇಜಾರು ಬೇಡ, ನಕಲಿ ಮಾಲು ನೋಡಿ ನೋಡಿ ನಮಗೆಲ್ಲ ಅನುಮಾನ ಜಾಸ್ತಿ. ಗಿರಾಕಿ ತಂದ ಆಯಿಲ್ ಹಾಕಿ ನಾಳೆ ಇಂಜಿನ್ ಹೋದರೆ ಬಯ್ಯಿಸಿಕೊಳ್ಳುವುದು ನಾವೇ ಅಲ್ವಾ.

ಆದರೆ ಹೊಸ ಎಣ್ಣೆಯ ಬಣ್ಣ ನೋಡಿ ಹೇಳುವುದಕ್ಕೆ ಆಗುವುದಿಲ್ಲ, ಅದು ಖರೆ. ಬಣ್ಣ ನಮಗೆ ಉಪಯೋಗಕ್ಕೆ ಬರುವುದು ಓಡಿದ ಮೇಲೆ. ಡೀಸೆಲ್ ಗಾಡಿಯಲ್ಲಿ ಒಂದು ವಾರಕ್ಕೇ ಕಪ್ಪಾಯಿತು ಅಂದಿರಿ, ಅದಕ್ಕೆ ಹೆದರಬೇಡಿ. ಡ್ರೈನ್ ಮಾಡಿದಾಗ ಹಳೆ ಎಣ್ಣೆ ಪೂರ್ತಿ ಇಳಿಯುವುದಿಲ್ಲ, ಕೂಲರ್‌ನಲ್ಲಿ, ಸಂದುಗೊಂದುಗಳಲ್ಲಿ ಸ್ವಲ್ಪ ಉಳಿಯುತ್ತದೆ. ಡೀಸೆಲ್ ಉರಿದು ಬರುವ ಮಸಿ ಅದರ ಮೇಲೆ. ಒಳ್ಳೆ ಆಯಿಲ್ ಆ ಮಸಿಯನ್ನು ಹಿಡಿದು ಕಣ ಕಣವಾಗಿ ತೇಲಿಸಿ ಇಟ್ಟುಕೊಳ್ಳುತ್ತದೆ, ಗೋಡೆಗೆ ಅಂಟುವುದಕ್ಕೆ ಬಿಡುವುದಿಲ್ಲ. ಡೀಸೆಲ್‌ನಲ್ಲಿ ಸಾವಿರಾರು ಕಿಲೋಮೀಟರ್ ಓಡಿದ ಮೇಲೂ ಎಣ್ಣೆ ಹೊಸದರ ಹಾಗೇ ಫಳಫಳ ಅಂತಿದ್ದರೆ ನಾನು ಮೊದಲು ಕೇಳುವುದು, ಮಸಿ ಎಲ್ಲಿ ಕೂತಿದೆ ಅಂತ. ಸಿಎನ್‌ಜಿ ಗಾಡಿಯ ಮಾತು ಬೇರೆ, ಅದರಲ್ಲಿ ಮಸಿ ಕಡಿಮೆ, ಎಣ್ಣೆ ಬಹಳ ದಿನ ತಿಳಿಯಾಗೇ ಕಾಣುತ್ತದೆ. ಹಾಗಂತ ಸರ್ವಿಸ್ ಮುಂದೆ ಹಾಕುವಂತಿಲ್ಲ.

ನಿಜವಾಗಿ ಹೆದರಬೇಕಾದ್ದು ಬೇರೆ. ಫಿಲ್ಲರ್ ಮುಚ್ಚಳ ತೆಗೆದಾಗಲೋ ಡಿಪ್‌ಸ್ಟಿಕ್‌ನಲ್ಲೋ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಕಂಡರೆ ನೀರು ಇಲ್ಲವೇ ಕೂಲಂಟ್ ಬೆರೆತಿದೆ. ಮಳೆಗಾಲದಲ್ಲಿ ದಿನಾ ಹತ್ತಿರ ಹತ್ತಿರವೇ ಓಡಾಡುವ ಗಾಡಿಯಲ್ಲಿ ಮುಚ್ಚಳದ ಕೆಳಗೆ ಮಾತ್ರ ಒಂಚೂರು ಕೆನೆ ಬಂದರೆ ಅದು ತೇವ, ಒಂದು ಉದ್ದ ಓಟ ಹೊಡೆದರೆ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಹಾಗೇ ಇದ್ದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಗಾಡಿ ಓಡಿಸಲೇ ಬೇಡಿ, ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್ ನೋಡಿಸಿ. ಡ್ರೈನ್ ಮಾಡಿದ ಎಣ್ಣೆಯಲ್ಲಿ ಬಿಸಿಲಿಗೆ ಹಿಡಿದರೆ ಮಿಂಚುವ ಲೋಹದ ಪುಡಿ ಕಂಡರೂ ಹಾಗೇ, ಬೇರಿಂಗ್ ಕಡೆ ಅನುಮಾನ ಪಡಬೇಕು.

ಬಿಎಸ್6 ಡೀಸೆಲ್‌ನವರು ಬಣ್ಣಕ್ಕಿಂತ ಲೆವೆಲ್ ನೋಡಬೇಕು, ಇದನ್ನು ಎಷ್ಟು ಜನಕ್ಕೆ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಲ್ಲರೂ ಲೆವೆಲ್ ಇಳಿಯಿತಾ ಅಂತ ನೋಡುತ್ತಾರೆ, ಏರಿತಾ ಅಂತ ನೋಡುವವರು ಇಲ್ಲ. ಡಿಪಿಎಫ್‌ನಲ್ಲಿ ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಡುತ್ತದೆ, ಅದಕ್ಕೆ 600 ಡಿಗ್ರಿ ಹತ್ತಿರ ಬಿಸಿ ಬೇಕು, ಆ ಬಿಸಿ ತರಿಸುವುದಕ್ಕೆ ಡೀಸೆಲ್ ಸ್ವಲ್ಪ ಹೆಚ್ಚಿಗೆ ಸಿಂಪಡಿಸುತ್ತದೆ. ಎಷ್ಟೋ ಗಾಡಿಗಳಲ್ಲಿ ಆ ಡೀಸೆಲ್ ಸಿಲಿಂಡರ್ ಒಳಗೇ ಬೀಳುತ್ತದೆ, ಅದರಲ್ಲಿ ಒಂದು ಪಾಲು ಗೋಡೆ ಹಿಡಿದು ಕೆಳಗೆ ಇಳಿದು ಎಣ್ಣೆಗೆ ಸೇರುತ್ತದೆ. ಊರೊಳಗೆ ಹತ್ತು ನಿಮಿಷ ಓಡಿಸಿ ಆಫ್ ಮಾಡುವವರಿಗೆ ಈ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ಡೀಸೆಲ್ ಇಳಿಯುತ್ತದೆ. ಪೆಟ್ರೋಲ್ ಆದರೆ ಬಿಸಿಗೆ ಹಾರಿ ಹೋಗುತ್ತದೆ, ಡೀಸೆಲ್ ಅಷ್ಟು ಸುಲಭಕ್ಕೆ ಹಾರುವುದಿಲ್ಲ. ಎಣ್ಣೆ ತೆಳುವಾಗುತ್ತದೆ, ಬಣ್ಣ ಮಾತ್ರ ಅದೇ ಕಪ್ಪು. ಡಿಪ್‌ಸ್ಟಿಕ್‌ನಲ್ಲಿ ಮ್ಯಾಕ್ಸ್ ಗೆರೆ ದಾಟಿ ಮೇಲೆ ಬಂದಿದ್ದರೆ, ವಾಸನೆಯೂ ಡೀಸೆಲ್ ಹೊಡೆಯುತ್ತಿದ್ದರೆ, ಕಿಲೋಮೀಟರ್ ಆಗಿರಲಿ ಬಿಡಲಿ, ಬದಲಿಸಿಬಿಡಿ.

ಇಳಿಸಿದ ಎಣ್ಣೆಯನ್ನು ಚರಂಡಿಗೆ ಬಿಡುವ ಗ್ಯಾರೇಜಿಗೆ ಹೋಗಬೇಡಿ. ಬಳಸಿದ ಎಣ್ಣೆ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅನುಮತಿ ಇರುವ ರೀಸೈಕ್ಲರ್‌ಗೇ ಹೋಗಬೇಕು. ಯಾರಿಗೋ ಡ್ರಮ್ ಲೆಕ್ಕದಲ್ಲಿ ಮಾರಿದರೆ ಅದೇ ಎಣ್ಣೆ ಬಣ್ಣ ಬದಲಿಸಿಕೊಂಡು ಡಬ್ಬದಲ್ಲಿ ವಾಪಸ್ ಬರುತ್ತದೆ. ಖಾಲಿ ಡಬ್ಬಕ್ಕೂ ತೂತು ಮಾಡಿಸಿ, ಹಾಗೇ ಗುಜರಿಗೆ ಕೊಡಬೇಡಿ.

ಆಗುಂಬೆ ತಿರುವು

ನನ್ನದು ಬೈಕ್ ಲೋಕ, ಆದರೂ ಬಣ್ಣದ ಬಗ್ಗೆ ಒಂದು ಮಾತು. ಕಂಪನಿಗಳು ಬೇಕಂತಲೇ ಬಣ್ಣ ಹಾಕುವುದೂ ಉಂಟು. ಮೋತುಲ್ 300ವಿ ಹಸಿರು ಇರುತ್ತದೆ, ಲಿಕ್ವಿ ಮೋಲಿಯ ಮೋಲಿಜೆನ್ ಹೊಳೆಯುವ ಹಸಿರು, ಅದೇ ಕಂಪನಿಯ ಮಾಲಿಬ್ಡಿನಮ್ ಡೈಸಲ್ಫೈಡ್ ಹಾಕಿದ ಆಯಿಲ್ ಡಬ್ಬದಿಂದಲೇ ಕಪ್ಪಗೆ ಬರುತ್ತದೆ. ಫೋಕ್ಸ್‌ವ್ಯಾಗನ್‌ನವರ 508 00 ಅನ್ನುವ 0ಡಬ್ಲ್ಯೂ-20 ಆಯಿಲ್‌ಗೂ ಹಸಿರು ಡೈ ಇದೆ, ತಪ್ಪಿ ಬೇರೆ ಇಂಜಿನ್‌ಗೆ ಹೋಗದೆ ಇರಲಿ ಅಂತ. ಟೂ ಸ್ಟ್ರೋಕ್ ಗಾಡಿಗಳ 2ಟಿ ಆಯಿಲ್‌ಗೆ ಬಣ್ಣ ಹಾಕಿದ್ದು ಪೆಟ್ರೋಲ್‌ನಲ್ಲಿ ಬೆರೆಸಿದ್ದೇವೋ ಇಲ್ಲವೋ ಅಂತ ಕಣ್ಣಿಗೆ ಕಾಣಲಿ ಅಂತ. ಗುರುತಿಗೆ ಹಾಕಿದ ಬಣ್ಣವನ್ನೇ ಗುಣ ಅಂದುಕೊಳ್ಳುವುದು ಬೇಡ.

ಬೈಕಿನವರು ಯಾರಾದರೂ ಓದುತ್ತಿದ್ದರೆ: ಕಾರಿನ ಆಯಿಲ್ ಎಷ್ಟೇ ದುಬಾರಿ ಇರಲಿ, ಗೇರ್ ಬೈಕಿಗೆ ಹಾಕಬೇಡಿ. ನಮ್ಮ ಕ್ಲಚ್ ಪ್ಲೇಟ್ ಆಯಿಲ್ ಒಳಗೇ ಮುಳುಗಿರುತ್ತದೆ. ಡಬ್ಬದಲ್ಲಿ ಜಾಸೊ (ಜಪಾನಿನ ದರ್ಜೆ) ಎಂಎ ಇಲ್ಲವೇ ಎಂಎ2 ಇರಲೇಬೇಕು. ಆಕ್ಟಿವಾ ತರದ ಸ್ಕೂಟರ್‌ಗೆ ಎಂಬಿ, ಅದು ಜಾರಿಕೆ ಜಾಸ್ತಿ ಇರುವ ಎಣ್ಣೆ. ಎಂಬಿಯನ್ನು ಬೈಕಿಗೆ ಸುರಿದರೆ ಘಾಟಿಯಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಇಂಜಿನ್ ಕಿರುಚುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 15ಡಬ್ಲ್ಯೂ-50, ಟ್ವಿನ್ 650ಕ್ಕೆ 10ಡಬ್ಲ್ಯೂ-50, ಒಂದೇ ಕಂಪನಿಯಲ್ಲೇ ಇಷ್ಟು ವ್ಯತ್ಯಾಸ. ಬಣ್ಣ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ.

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿಂದ ಒಂದು ಸಣ್ಣ ಮಾಹಿತಿ. ಫುಲ್ಲಿ ಸಿಂಥೆಟಿಕ್ ಅಂತ ಮುಂದೆ ದೊಡ್ಡದಾಗಿ ಬರೆದದ್ದರ ಮೇಲೂ ಜಾಸ್ತಿ ಭಾರ ಹಾಕಬೇಡಿ. ಗ್ರೂಪ್ 3 ಅಂದರೆ ಕಚ್ಚಾ ತೈಲದಿಂದಲೇ ಚೆನ್ನಾಗಿ ಶುದ್ಧ ಮಾಡಿದ್ದು. ಅದನ್ನು ಸಿಂಥೆಟಿಕ್ ಅಂತ ಮಾರಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ಮೇಲೆ ಜಾಹೀರಾತು ತಕರಾರು ತೆಗೆದಿತ್ತು. 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ತೀರ್ಮಾನ ಬಂತು. ಜರ್ಮನಿಯಲ್ಲಿ ಪಿಎಓ, ಎಸ್ಟರ್ ಆಧಾರದ ಎಣ್ಣೆಗೆ ಮಾತ್ರ ಪೂರ್ತಿ ಸಿಂಥೆಟಿಕ್ ಅಂತ ಬರೆಯುತ್ತಾರೆ, ಗ್ರೂಪ್ 3ಕ್ಕೆ ಬೇರೆ ಹೆಸರು. ಒಳಗಿನ ಸರಕು ಒಂದೇ ಇದ್ದರೂ ದೇಶ ಬದಲಾದರೆ ಡಬ್ಬದ ಮುಖ ಬದಲಾಗುತ್ತದೆ. ಗ್ರೂಪ್ 3 ಕಳಪೆ ಅಂತಲ್ಲ, ಸರಿಯಾದ ಸ್ಪೆಸಿಫಿಕೇಷನ್ ಪಾಸಾಗಿದ್ದರೆ ಕಣ್ಣು ಮುಚ್ಚಿ ಹಾಕಬಹುದು.

ಶಿವಮೊಗ್ಗ ಡೀಸೆಲ್

ಇಷ್ಟು ಬಿಡಿಸಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಡಬ್ಬದ ಹಿಂದೆ ಇರುವುದು ಹೀಗಿದೆ: ಎಪಿಐ (ಅಮೆರಿಕದ ದರ್ಜೆ) ಎಸ್‌ಎನ್/ಸಿಎಫ್, ಎಸಿಇಎ (ಯುರೋಪಿನ ದರ್ಜೆ) ಎ3/ಬಿ4. ಕೆಳಗೆ ಇನ್ನೂ ಸಣ್ಣದಾಗಿ ಮೀಟ್ಸ್ ಅಂತ ಬರೆದು ಫೋಕ್ಸ್‌ವ್ಯಾಗನ್ 502 00/505 00. ಕೊಳ್ಳುವಾಗ ಸೀಲ್ ಸರಿಯಾಗಿತ್ತು, ಬ್ಯಾಚ್ ನಂಬರ್, ತಾರೀಖು ಎಲ್ಲ ಸರಿಯಾಗಿವೆ, ಕ್ಯೂಆರ್ ಕೋಡ್ ಕೆರೆದು ನೋಡಿದೆ, ಅಸಲಿ ಅಂತಲೇ ಬಂತು.

ಮ್ಯಾನುಯಲ್‌ನಲ್ಲಿ ಇರುವುದು 5ಡಬ್ಲ್ಯೂ-30, ಎಸಿಇಎ ಸಿ3. ಎರಡೂ 5ಡಬ್ಲ್ಯೂ-30 ಅಲ್ವಾ, ನಡೆಯುತ್ತದಾ? ಅಂಗಡಿಯವರು ಇದು ಪೆಟ್ರೋಲ್ ಡೀಸೆಲ್ ಎರಡಕ್ಕೂ ಆಗುತ್ತದೆ ಅಂದಿದ್ದರು.

ಲ್ಯಾಬ್ ಬೆಂಚ್

ನಡೆಯುವುದಿಲ್ಲ. ಈ ಡಬ್ಬ ನಿಮ್ಮ ಗಾಡಿಗೆ ಬೇಡ. ಆಯಿಲ್ ಅಸಲಿ, ಬಣ್ಣ ಸರಿ, ಗ್ರೇಡ್ ಸರಿ, ಆದರೂ ಬೇಡ. ಕಾರಣ ಬೂದಿ.

ಎಣ್ಣೆಯ ಡಿಟರ್ಜೆಂಟ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ, ಸವೆತ ತಡೆಯುವುದರಲ್ಲಿ ಜಿಂಕ್. ಇಂಜಿನ್ ಅಲ್ಪಸ್ವಲ್ಪ ಎಣ್ಣೆಯನ್ನು ಯಾವಾಗಲೂ ಸುಡುತ್ತದೆ, ಆಗ ಈ ಲೋಹಗಳು ಬೂದಿಯಾಗಿ ಹೋಗಿ ಡಿಪಿಎಫ್‌ನಲ್ಲಿ ಕೂರುತ್ತವೆ. ಹುಬ್ಬಳ್ಳಿಯವರು ಹೇಳಿದ ಹಾಗೆ ಮಸಿಯನ್ನು ಗಾಡಿ ಸುಡುತ್ತದೆ, ಬೂದಿಯನ್ನು ಸುಡುವುದಕ್ಕೆ ಆಗುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ. ಅದಕ್ಕೇ ಸಿ3ರಲ್ಲಿ ಸಲ್ಫೇಟೆಡ್ ಬೂದಿ ಶೇ. 0.8 ಮೀರಬಾರದು ಅಂತ ಕಟ್ಟುನಿಟ್ಟು. ಎ3/ಬಿ4ರಲ್ಲಿ ಅದು ಶೇ. 1ರಿಂದ 1.6ರವರೆಗೆ ಇರಬಹುದು. ಒಂದು ಸಲ ಹಾಕಿದರೆ ನಾಳೆಯೇ ಡಿಪಿಎಫ್ ಕಟ್ಟಿಕೊಳ್ಳುವುದಿಲ್ಲ, ಪ್ರತಿ ಸರ್ವಿಸ್‌ಗೂ ಇದನ್ನೇ ಹಾಕುತ್ತಾ ಹೋದರೆ ಅದರ ಆಯಸ್ಸು ಸದ್ದಿಲ್ಲದೆ ಕಡಿಮೆಯಾಗುತ್ತದೆ. ಹೊಸ ಡಿಪಿಎಫ್ ಬೆಲೆ ಕೇಳಿದವರಿಗೆ ಗೊತ್ತು.

5ಡಬ್ಲ್ಯೂ-30 ಎಲ್ಲ ಒಂದೇ ಅಲ್ಲ ಅನ್ನುವುದಕ್ಕೆ ಇನ್ನೊಂದು ಅಳತೆ ಹೇಳುತ್ತೇನೆ. 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನ ಒತ್ತಡದ ಹಾಗೆ ಎಣ್ಣೆಯನ್ನು ಉಜ್ಜಿದಾಗ ಅದು ಎಷ್ಟು ದಪ್ಪ ಉಳಿಯುತ್ತದೆ ಅಂತ ನೋಡುತ್ತಾರೆ, ಎಚ್‌ಟಿಎಚ್‌ಎಸ್ ಅಂತ ಹೆಸರು. 30 ಗ್ರೇಡಿಗೆ 2.9 ಇದ್ದರೆ ಸಾಕು, ಎಸಿಇಎಯ ಇನ್ನೊಂದು ದರ್ಜೆ ಸಿ2ಗೂ ಅಷ್ಟೇ. ಸಿ3 ಮತ್ತು ಎ3/ಬಿ4ಗೆ ಕನಿಷ್ಠ 3.5 ಬೇಕು. ಡಬ್ಬದ ಮುಂದೆ ಎಲ್ಲವೂ 5ಡಬ್ಲ್ಯೂ-30, ಒಳಗೆ ಮೂರು ತರ.

ಎಸ್‌ಎನ್ ಪಕ್ಕದ ಸಿಎಫ್ ನೋಡಿ ಅಂಗಡಿಯವರು ಡೀಸೆಲ್‌ಗೂ ಆಗುತ್ತದೆ ಅಂದಿರಬೇಕು. ಸಿಎಫ್ 1994ರ ದರ್ಜೆ, ಎಪಿಐ ಅದನ್ನು ಯಾವಾಗಲೋ ಕೈಬಿಟ್ಟಿದೆ. ಡಿಪಿಎಫ್ ಇರುವ ಗಾಡಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಹೊಸದು ತರುವಾಗ ಸಿ3 ಅಂತ ಇದ್ದರೆ ಸಾಕು, ಆದರೆ ಒಂದು ಕಿವಿಮಾತು. ಎಸಿಇಎ ತಾನೇ ಯಾವ ಡಬ್ಬಕ್ಕೂ ಸರ್ಟಿಫಿಕೇಟ್ ಕೊಡುವುದಿಲ್ಲ, ಆಯಿಲ್ ಕಂಪನಿಯೇ ಪರೀಕ್ಷೆ ಮಾಡಿಸಿ ಬರೆದುಕೊಳ್ಳುತ್ತದೆ. ಕಾರು ಕಂಪನಿಗಳ ಅಪ್ರೂವಲ್ ಹಾಗಲ್ಲ, ಅವರು ಪರೀಕ್ಷಿಸಿ ಪಟ್ಟಿಗೆ ಸೇರಿಸುತ್ತಾರೆ. ನಿಮ್ಮದು ಮರ್ಸಿಡಿಸ್ ಅಲ್ಲದಿದ್ದರೂ ಡಬ್ಬದ ಮೇಲೆ ಸಿ3 ಜೊತೆ ಅವರ ಎಂಬಿ-ಅಪ್ರೂವಲ್ (ಇಲ್ಲಿ ಎಂಬಿ ಅಂದರೆ ಮರ್ಸಿಡಿಸ್ ಬೆಂಜ್) 229.51 ಅಥವಾ 229.52 ಕಂಡರೆ ನನಗೆ ಧೈರ್ಯ ಜಾಸ್ತಿ. ಮೀಟ್ಸ್, ಸೂಟಬಲ್ ಫಾರ್ ಅಂತ ಬರೆದದ್ದು ಅಪ್ರೂವಲ್ ಅಲ್ಲ.

ಹುಬ್ಬಳ್ಳಿ ಪಾನಾ

ಸರಿಯಾಗಿ ಹೇಳಿದಿರಿ ಸರ್. ಮುಂದೆ ಬೇಸಿಗೆ ಇದೆ, 40 ಗ್ರೇಡ್ ಹಾಕೋಣ್ವಾ ಅಂತ ಕೇಳುವವರು ಬರುತ್ತಾರೆ, ಕಲಬುರಗಿ ರಾಯಚೂರು ಕಡೆಯವರಂತೂ ಜಾಸ್ತಿ. ಹೊರಗೆ 25 ಡಿಗ್ರಿ ಇರಲಿ 42 ಇರಲಿ, ಥರ್ಮೋಸ್ಟಾಟ್ ಕೂಲಂಟ್ ಬಿಸಿಯನ್ನು ಹದದಲ್ಲಿ ಇಡುತ್ತದೆ, ಹೊರಗಿನ ಬಿಸಿಲು ಏರಿದಷ್ಟು ಎಣ್ಣೆ ಏರುವುದಿಲ್ಲ. ಮ್ಯಾನುಯಲ್‌ನ ಚಾರ್ಟ್‌ನಲ್ಲಿ 40 ಇದ್ದರೆ ಹಾಕಿ, ಇಲ್ಲದಿದ್ದರೆ ಬೇಡ.

ಶಿವಮೊಗ್ಗ ಡೀಸೆಲ್

ಅರ್ಥ ಆಯಿತು, ಸಿ3 ತರುತ್ತೇನೆ. ಸೀಲ್ ಒಡೆದಿರುವುದರಿಂದ ಈ ಡಬ್ಬ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಅಪ್ಪನ ಹತ್ತಿರ 2012ರ ಪೆಟ್ರೋಲ್ ಕಾರಿದೆ. ಅದರ ಪುಸ್ತಕದಲ್ಲಿ 5ಡಬ್ಲ್ಯೂ-30, ಎಪಿಐ ಎಸ್‌ಎಲ್ ಅಥವಾ ಅದಕ್ಕಿಂತ ಮೇಲಿನದು ಅಂತ ಇದೆ. ಅದಕ್ಕೆ ಹಾಕಬಹುದಾ?

ಲ್ಯಾಬ್ ಬೆಂಚ್

ಧಾರಾಳವಾಗಿ ಹಾಕಿ. ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಪೆಟ್ರೋಲ್ ದರ್ಜೆಯಲ್ಲಿ ಮುಂದಿನದು ಹಿಂದಿನದರ ಜಾಗದಲ್ಲಿ ನಡೆಯುತ್ತದೆ. ಆ ಕಾರಿನಲ್ಲಿ ಡಿಪಿಎಫ್ ಇಲ್ಲ, ಬೂದಿಯ ತಲೆನೋವು ಇಲ್ಲ. ಸಿಂಥೆಟಿಕ್ ಅಂತ ಸರ್ವಿಸ್ ಅವಧಿ ಮಾತ್ರ ಎಳೆಯಬೇಡಿ, ಪುಸ್ತಕದಲ್ಲಿ ಇರುವ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲು ಬರುತ್ತದೋ ಅದಕ್ಕೇ ಬದಲಿಸಿ. ಅಲ್ಲಿಯವರೆಗೆ ಮುಚ್ಚಳ ಬಿಗಿ ಮಾಡಿ ನೇರ ಬಿಸಿಲು, ತೇವ ಇಲ್ಲದ ಕಡೆ ಇಡಿ. ಹಾಕುವಾಗ ಡಬ್ಬ ಪೂರ್ತಿ ಖಾಲಿ ಮಾಡುವುದು ಬೇಡ, ಡಿಪ್‌ಸ್ಟಿಕ್ ನೋಡಿಕೊಂಡು ಸುರಿಯಿರಿ. ಫಿಲ್ಟರ್ ಮತ್ತೆ ಡ್ರೈನ್ ಪ್ಲಗ್ಗಿನ ವಾಷರ್ ಹೊಸದು ಹಾಕಿಸಿ.